ಬಾಡಿಗೆಗೆ ಮನೆ ಬೇಕಾಗಿದೆ

(ಅಂತಿಮ ಬಿ. ಎ. ವಿದ್ಯಾರ್ಥಿನಿ)

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗಾದೆ ಮಾಡಿಟ್ಟು ಹೋಗಿದ್ದಾರೆ. ಆ ಹಿರಿಯರು ಸ್ವಂತ ಜಾಗವುಳ್ಳ ಸ್ಥಿತಿವಂತರೇ ಇದ್ದಿರಬೇಕು. ಇಲ್ಲವಾದರೆ ಪರ ಊರಿನಲ್ಲಿ ಬಾಡಿಗೆಯ ಮನೆ ಹುಡುಕಿ ನೋಡು ಎಂಬ ಮೂರನೆಯ ಮಾತನ್ನೂ ಅದಕ್ಕೆ ಸೇರಿಸುತ್ತಿದ್ದರು. ಆ ಮೂರನೆಯದನ್ನು 2024ರ ಮೇ ತಿಂಗಳಲ್ಲಿ, ಕಲಬುರಗಿಯ ಬಿಸಿಲಿನಲ್ಲಿ, ಐದು ದಿನ ಒಬ್ಬಳೇ ತಿರುಗಿ ನೋಡಿದವಳು ನಾನು. ನಮ್ಮ ಕಾಲೇಜಿನಲ್ಲಿ ಹಳ್ಳಿಯಿಂದ ಬಂದವರೇ ಹೆಚ್ಚು. ಅವರಲ್ಲಿ ಅನೇಕರಿಗೆ ಈ ಅನುಭವ ಹೊಸದಲ್ಲ. ಆದರೂ ಬರೆಯುತ್ತಿದ್ದೇನೆ. ಇದರೊಳಗೆ ನಾನು ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಇದೆ. ಅದನ್ನು ಬಾಯಿಂದ ಹೇಳುವುದಕ್ಕಿಂತ ಕಾಗದದ ಮೇಲೆ ಬರೆಯುವುದು ಸುಲಭವೆಂದು ತೋರಿತು.

ನನ್ನ ಊರು ಜೇವರ್ಗಿ ತಾಲೂಕಿನ ಅಂದೋಲಾ. ನಿಜಾಮರ ಕಾಲದಲ್ಲಿ ಅಂದೋಲಾ ಎಂಬುದೇ ಒಂದು ತಾಲೂಕಿನ ಹೆಸರಾಗಿತ್ತು. ನಮ್ಮ ಅಜ್ಜ ಈ ಮಾತನ್ನು ತನ್ನ ಸ್ವಂತ ಆಸ್ತಿಯ ಹಾಗೆ ಹೇಳಿಕೊಳ್ಳುತ್ತಿದ್ದ. ಆದರೆ ಕಲಬುರಗಿಯಲ್ಲಿ ಅಂದೋಲಾ ಎಂದರೆ, "ಅದು ಎಲ್ಲಿ ಬರ್ತದ?" ಎಂಬ ಪ್ರಶ್ನೆ ಬರುತ್ತದೆ. ಜೇವರ್ಗಿಯ ಹೆಸರು ಹೇಳಿದ ಮೇಲೆಯೇ ಎದುರಿನವರ ಮುಖದಲ್ಲಿ ಗುರುತು ಹತ್ತುವುದು. ಅಜ್ಜ ಇದ್ದಿದ್ದರೆ ನೊಂದುಕೊಳ್ಳುತ್ತಿದ್ದ.

ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಓದಿದರೂ ಕಲಬುರಗಿಯಲ್ಲಿ ನನಗೆ ಗೊತ್ತಿದ್ದದ್ದು ಮೂರೇ ದಾರಿ: ಹಾಸ್ಟೆಲಿನಿಂದ ಕಾಲೇಜಿಗೆ, ಕಾಲೇಜಿನಿಂದ ಸೂಪರ್ ಮಾರ್ಕೆಟ್ಟಿಗೆ, ಹಬ್ಬ ಬಂದಾಗ ಬಸ್ ಸ್ಟ್ಯಾಂಡಿಗೆ. ಅಪ್ಪನ ಕಲಬುರಗಿ ಎಂದರೆ ತೊಗರಿ ಮಾರುವ ನೆಹರು ಗಂಜ್ ಮತ್ತು ದವಾಖಾನೆ. ಅವ್ವನ ಕಲಬುರಗಿ ಎಂದರೆ ಶರಣಬಸವೇಶ್ವರರ ಗುಡಿ ಮತ್ತು ಅಪ್ಪನ ಕೆರೆ. ಹೀಗೆ ನಮ್ಮ ಮನೆಯ ಮೂರು ಮಂದಿಗೆ ಮೂರು ಕಲಬುರಗಿಗಳಿದ್ದವು. ಮೂರರಲ್ಲಿ ಒಂದರಲ್ಲಿಯೂ ರಾತ್ರಿ ಮಲಗುವ ಜಾಗವಿರಲಿಲ್ಲ.

ಅಂಥ ಜಾಗ ಬೇಕಾದದ್ದು ನನ್ನ ತಂಗಿಯಿಂದ. ಮೇ 9ರಂದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ನಮ್ಮ ಜಿಲ್ಲೆಯಲ್ಲಿ ನೂರಕ್ಕೆ 53 ಮಕ್ಕಳಷ್ಟೇ ಪಾಸಾದ ವರ್ಷ ಅದು. ತಂಗಿ ಪಾಸಾದಳು, ಬರಿ ಪಾಸಾಗಲಿಲ್ಲ, ಮಾಸ್ತರರು ಮನೆಯ ತನಕ ಬಂದು ಪೇಢೆ ಕೊಟ್ಟು ಹೋಗುವಷ್ಟು ಅಂಕ ತಂದಳು. "ನಾ ಸೈನ್ಸ್ ತಗೋತೀನಿ" ಎಂದು ಅಂದೇ ಹೇಳಿಬಿಟ್ಟಳು. ದಿನಾಲೂ ಜೇವರ್ಗಿಗೆ ಹೋಗಿ ಬರಲೆಂದರೆ, "ಬಸ್ ತಪ್ಪಿದ ದಿನ ಹುಡುಗಿ ಎಲ್ಲಿರಬೇಕು?" ಎಂದು ಅಪ್ಪನ ಪ್ರಶ್ನೆ. ಹಾಸ್ಟೆಲಿನ ಯಾದಿ ಬರುವ ಹೊತ್ತಿಗೆ ತರಗತಿಗಳು ಪ್ರಾರಂಭವಾಗಿ ಎಷ್ಟೋ ದಿನಗಳಾಗಿರುತ್ತವೆ; ಬಂದರೂ ಅದರಲ್ಲಿ ಹೆಸರು ಇರಬೇಕಲ್ಲ.

ಉಪಾಯ ಹೇಳಿದವಳು ಅವ್ವ. ತಾನೇ ಕಲಬುರಗಿಗೆ ಬಂದು ನಮ್ಮಿಬ್ಬರನ್ನೂ ಇಟ್ಟುಕೊಂಡು ಓದಿಸುವುದು. ಅಪ್ಪ ಹೊಲ ನೋಡಿಕೊಂಡು ಕಾಕಾನ ಮನೆಯಲ್ಲಿ ಉಣ್ಣುವುದು. ಅವಳ ಲೆಕ್ಕ ನಮ್ಮ ಅರ್ಥಶಾಸ್ತ್ರದ ಯಾವ ಪುಸ್ತಕಕ್ಕೂ ಕಡಿಮೆ ಇರಲಿಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಬಾಡಿಗೆಗೆ. ಹೊಲಿಗೆ ಮಶೀನಿನಿಂದ ಬಂದದ್ದು ಕಾಯಿಪಲ್ಲೆಗೆ. ಜೋಳ ಊರಿನಿಂದ. ನನ್ನ ಸ್ಕಾಲರ್‌ಶಿಪ್ ಬಂದಾಗ ಪುಸ್ತಕಕ್ಕೆ. ಆದ್ದರಿಂದ ಬಾಡಿಗೆ ಮೂರು ಸಾವಿರ, ಹೆಚ್ಚೆಂದರೆ ಮೂರೂವರೆ. ಹಿಂದಿನ ವರ್ಷ, ಅಂದರೆ 2023ರಲ್ಲಿ, ಮಳೆ ಕೈಕೊಟ್ಟಿತ್ತು. ತೊಗರಿಗೆ ಕ್ವಿಂಟಲಿಗೆ ಹತ್ತು ಸಾವಿರದ ಹತ್ತಿರ ಬೆಲೆ ಬಂದಿತು, ಆದರೆ ಬೆಲೆ ಬಂದಾಗ ನಮ್ಮ ಹೊಲದಲ್ಲಿ ತೊಗರಿ ಇರಲಿಲ್ಲ. 2020ರ ಅಕ್ಟೋಬರಿನ ಮಳೆಗೆ ಹಿಂದಿನ ಕೋಣೆಯ ಮಾಳಿಗೆ ಕುಸಿದು, ಅದರ ಮೇಲೆ ಹೊದಿಸಿದ ಪತ್ರಾಸು ಇನ್ನೂ ಹಾಗೆಯೇ ಇತ್ತು. ಇಂಥ ಸ್ಥಿತಿಯಲ್ಲಿ ಎರಡು ಕಡೆ ಒಲೆ ಹೊತ್ತಿಸುವುದೆಂದರೆ ಅಪ್ಪನಿಗೆ ಎದೆ ಝಲ್ಲೆಂದದ್ದು ತಪ್ಪಲ್ಲ.

"ತಿಂಗಳ ಒಳಗ ಮನಿ ಸಿಕ್ರ ಆತು. ಇಲ್ಲಂದ್ರ ನಿಮ್ಮ ಮಾವ ಹೇಳಿದ್ದು ನೋಡಬೇಕಾಗ್ತದ" ಎಂದ ಅಪ್ಪ. ಮಾವ ಏನು ಹೇಳಿದ್ದನೆಂಬುದನ್ನು ನಮ್ಮ ಭಾಗದ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಂಗಿಗೆ ಆಗ ಇನ್ನೂ 16 ತುಂಬಿರಲಿಲ್ಲ. ಅವಳು ಏನೂ ಮಾತಾಡದೆ ನನ್ನ ಚೀಲದಲ್ಲಿ ನೀರಿನ ಬಾಟಲಿ ಇಟ್ಟಳು. ಮರುದಿನ ಮೊದಲನೆಯ ಬಸ್ಸಿಗೆ ನಾನು ಹೊರಟೆ.

2023ರ ಜೂನಿನಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಆ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮ ತರಗತಿಯಲ್ಲಿ ಒಂದು ಗಂಟೆ ಚರ್ಚೆಯಾಗಿತ್ತು, ನಾನೂ ಏನೇನೋ ಮಾತಾಡಿದ್ದೆ. ಆಧಾರ್ ಕಾರ್ಡು ತೋರಿಸಿ ಅಂದೋಲಾದಿಂದ ಜೇವರ್ಗಿ, ಜೇವರ್ಗಿಯಿಂದ ಕಲಬುರಗಿ, ಅಲ್ಲಿ ಸಿಟಿ ಬಸ್ಸಿನಲ್ಲಿ ಓಣಿಯಿಂದ ಓಣಿಗೆ, ಸಂಜೆ ಮತ್ತೆ ಊರಿಗೆ, ಹೀಗೆ ಐದು ದಿನ ಒಂದು ರೂಪಾಯಿ ಖರ್ಚಿಲ್ಲದೆ ತಿರುಗಿದ ಮೇಲೆ ಆ ಚರ್ಚೆಯಲ್ಲಿ ನನ್ನ ಪಾಲು ಮುಗಿಯಿತು. ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಕೆಳಗೆ ಭೀಮೆ ಉಸುಕಿನ ನಡುವೆ ಅಲ್ಲಲ್ಲಿ ಮಡುಗಟ್ಟಿ ನಿಂತಿದ್ದಳು. ಸೇತುವೆಯ ಮೇಲೆ ಬಂದಾಗ ಬಸ್ಸಿನಲ್ಲಿ ಯಾರಾದರೂ ಒಬ್ಬರು ಕೈ ಮುಗಿಯುತ್ತಾರೆ. ಅಂದು ನಾನೂ ಮುಗಿದೆ.

ಮೊದಲನೆಯ ದಿನ ಜೇವರ್ಗಿ ರಸ್ತೆಯ ಬಡಾವಣೆಗಳನ್ನೇ ಹಿಡಿದೆ. ನಮ್ಮ ಕಡೆಯ ಹೆಸರು ಹೊತ್ತ ರಸ್ತೆಯಲ್ಲಿ ನಮ್ಮ ಕಡೆಯವರು ಸಿಕ್ಕಾರು ಎಂಬುದು ನನ್ನ ತರ್ಕ. ಒಂದು ಕಡೆ "ಕರುಣೇಶ್ವರ ನಗರ" ಎಂಬ ಫಲಕ ನೋಡಿ ಹಿಗ್ಗಿದೆ. ಅದು ನಮ್ಮೂರಿನ ಮಠದ ಹೆಸರು. ಹೆಸರು ನಮ್ಮದಾದರೆ ಬಾಡಿಗೆಯೂ ನಮ್ಮ ಕೈಗೆ ನಿಲುಕಬೇಕೆಂದೇನೂ ಇಲ್ಲವಷ್ಟೆ. ಎರಡು ಕೋಣೆ, ಒಂದು ಅಡುಗೆಮನೆಗೆ ಎಂಟು ಸಾವಿರ, ಮುಂಗಡ ಐವತ್ತು ಸಾವಿರ ಎಂದು ಕೇಳಿದಾಗ ಗೇಟಿನ ಹೊರಗಿನಿಂದಲೇ ನಮಸ್ಕಾರ ಹೇಳಿ ಮುಂದೆ ಹೋದೆ.

ಪರೀಕ್ಷೆ ಎಂದರೆ ನಮಗೆ ವಿಶ್ವವಿದ್ಯಾಲಯದ್ದೇ ದೊಡ್ಡದೆಂದು ತೋರುತ್ತದೆ. ಮನೆಯೊಡೆಯರ ಮೌಖಿಕ ಪರೀಕ್ಷೆಯ ಮುಂದೆ ಅದು ಏನೂ ಅಲ್ಲ. ಯಾವೂರು? ಎಷ್ಟು ಮಂದಿ? ಅಪ್ಪ ಏನು ಮಾಡ್ತಾನ? ಅಪ್ಪ ಸಂಗಡ ಇರೂದಿಲ್ಲಂದ್ರ ಯಾಕ ಇರೂದಿಲ್ಲ? ನೆಂಟರು ಭಾಳ ಬರ್ತಾರೇನು? ರಾತ್ರಿ ಎಷ್ಟರ ತನಕ ಲೈಟ್ ಹಚ್ಚತೀರಿ? ಎಲ್ಲಕ್ಕಿಂತ ಹೆಚ್ಚಾಗಿ, "ಒಬ್ಬಾಕೀನೇ ಯಾಕ ಬಂದೀ? ಹಿರೇರು ಯಾರರೆ ಇದ್ರ ಕರಕೊಂಡು ಬಾ." ಆ ತಿಂಗಳ 7ರಂದು ಊರಿನಲ್ಲಿ ನಾನು ಮೊದಲನೆಯ ಸಲ ಮತ ಹಾಕಿ ಬಂದಿದ್ದೆ, ಬೆರಳಿನ ಮಸಿ ಇನ್ನೂ ಹೋಗಿರಲಿಲ್ಲ. ದೇಶದ ಸರಕಾರ ಆರಿಸುವುದಕ್ಕೆ ಯಾರೂ ನನಗೆ ಹಿರಿಯರನ್ನು ಕರೆದುಕೊಂಡು ಬಾ ಎಂದಿರಲಿಲ್ಲ.

ಒಂದು ಬಡಾವಣೆಯಲ್ಲಿ, ಅದರ ಹೆಸರು ಬೇಡ, ಮನೆ ಎಲ್ಲ ರೀತಿಯಿಂದಲೂ ಒಪ್ಪಿಗೆಯಾಯಿತು. ಹಿತ್ತಲ ಕಡೆ ಎರಡು ಖೋಲಿ, ಬೇರೆ ಬಾಗಿಲು, ಬಾಡಿಗೆ ಮೂರೂವರೆ. ಬಾಗಿಲ ಮೇಲೆ ಕರಿಯ ಕಲ್ಲಿನಲ್ಲಿ "ದಯಾ ನಿಲಯ" ಎಂದು ಕೊರೆಸಿದ್ದರು. ಯಜಮಾನಿತಿ ಒಳಗೆ ಕರೆದು ಕುಂದ್ರಿಸಿ ಚಹಾ ಕೊಟ್ಟರು. ತಂಗಿಯ ಅಂಕ ಕೇಳಿ, "ಭಾಳ ಶಾಣ್ಯಾ ಹುಡುಗಿ" ಎಂದು ಹೊಗಳಿದರು. ಕೀಲಿಕೈ ತರಲು ಎದ್ದವರು ಬಾಗಿಲ ಹತ್ತಿರ ನಿಂತು, ಏನೋ ಮರೆತದ್ದು ನೆನಪಾದಂತೆ ಕೇಳಿದರು: "ಅಂದಂಗ, ನೀವು ಯಾರ ಪೈಕಿ?"

ನಾನು ಹೇಳಿದೆ. ಅವರು ಕೀಲಿಕೈ ತರಲಿಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದು, "ನಮ್ಮ ಮನಿಯವರು ಬ್ಯಾರೆ ಯಾರಿಗೋ ಮಾತು ಕೊಟ್ಟಾರಂತವ್ವ, ನನಗ ಗೊತ್ತಿದ್ದಿಲ್ಲ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ತಿರಸ್ಕಾರವೂ ಇರಲಿಲ್ಲ. ಚಹಾದ ಬಟ್ಟಲು ತೆಗೆದುಕೊಂಡು ಹೋಗುವಾಗ ನಿಜವಾಗಿ ಬೇಜಾರು ಪಟ್ಟಂತೆಯೇ ಕಂಡರು. ನಾನು ಕೊಟ್ಟ ಉತ್ತರ ಏನೆಂದು ಈಗ ವಾಚಕರಿಗೂ ಕುತೂಹಲವಾಗಿರಬಹುದು. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಗೆ ನಾನು ಸಲ್ಲದವಳಾದಂತೆ, ಬೇರೊಂದು ಓಣಿಯಲ್ಲಿ ಬೇರೊಂದು ಉತ್ತರದವರು ಸಲ್ಲದವರಾಗುತ್ತಾರೆ. ಆ ಪ್ರಶ್ನೆಗೆ ಎಲ್ಲೆಡೆಯೂ ಸರಿಯಾದ ಉತ್ತರವೊಂದು ಇರುವಂತೆ ನನಗೆ ತೋರಲಿಲ್ಲ.

ಎರಡನೆಯ ದಿನದಿಂದ ನಾನು ಸ್ವಲ್ಪ ಜಾಣೆಯಾದೆ. ಬೋರ್ಡು ನೋಡಿ ಬಾಗಿಲು ಬಡಿಯುವುದನ್ನು ಬಿಟ್ಟು, ಮೊದಲು ಓಣಿಯ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದೆ. ಗಿರಣಿಯವನಿಗೆ ತಿಳಿಯದ ಮನೆಯ ಸುದ್ದಿ ಇಲ್ಲ. ಯಾರ ಡಬ್ಬಿ ಎರಡು ವಾರದಿಂದ ಬಂದಿಲ್ಲವೋ ಆ ಮನೆ ಖಾಲಿಯಾಗಿರಬೇಕು. ಸರತಿಯಲ್ಲಿ ನಿಂತ ಹೆಂಗಸರು ಉಳಿದದ್ದನ್ನು ಹೇಳುತ್ತಾರೆ: ಆ ಮನೆಯಲ್ಲಿ ನೀರಿಲ್ಲ, ಈ ಮನೆಯ ಮುದುಕ ಕುಡಿಯುತ್ತಾನೆ, ಆಚೆಯದಕ್ಕೆ ಮಳೆಗಾಲದಲ್ಲಿ ಗಟಾರ ಒಳಗೆ ಬರುತ್ತದೆ. ಮನೆ ಹುಡುಕುವವರು ಯಾರಾದರೂ ಇದ್ದರೆ ಈ ಗಿರಣಿಯ ಗುಟ್ಟನ್ನು ಉಪಯೋಗಿಸಿಕೊಳ್ಳಬಹುದು. ಒಂದು ಕಡೆ ಮೋಟಾರ್ ಸೈಕಲ್ಲಿನ ಹುಡುಗನೊಬ್ಬ ಮೂರು ತಿರುವುಗಳ ತನಕ ನನ್ನ ಹಿಂದೆಯೇ ಬಂದಾಗಲೂ ಒಂದು ಗಿರಣಿಯೊಳಗೇ ಹೊಕ್ಕೆ. ಹಿಟ್ಟಿನ ಧೂಳಿನಲ್ಲಿ ಬೆಳ್ಳಗಾಗಿ ನಿಂತಿದ್ದ ಮುದುಕಿಯೊಬ್ಬಳು ಹೊರಗೆ ಬಂದು ಅವನಿಗೆ ಆಡಿದ ಮಾತುಗಳನ್ನು ಕಾಲೇಜಿನ ಸಂಚಿಕೆಯಲ್ಲಿ ಅಚ್ಚು ಹಾಕಿಸುವಂತಿಲ್ಲ.

ಹೀಗೆ ತಿರುಗುವಾಗ ಓಣಿಗಳ ಹೆಸರುಗಳು ನನ್ನೊಡನೆ ಮಾತಾಡತೊಡಗಿದವು. ಚರಿತ್ರೆ ನನ್ನ ಐಚ್ಛಿಕ ವಿಷಯ. ಆದರೆ ಅದು ಹೀಗೆ ಬಸ್ಸಿನ ಫಲಕದ ಮೇಲೆ ಬರೆದಿರುತ್ತದೆಂದು ತಿಳಿದಿರಲಿಲ್ಲ. ಸಂಗತ್ರಾಸವಾಡಿ ಎಂದರೆ ಕಲ್ಲು ಕೆತ್ತುವವರ ವಾಡಿ. ಫಾರಸಿಯಲ್ಲಿ ಸಂಗ್ ಎಂದರೆ ಕಲ್ಲು. ಮೋಮಿನಪುರದ ಮೋಮಿನ್ ಎಂಬುದು ನೇಕಾರರನ್ನು ಕರೆಯುತ್ತಿದ್ದ ಹೆಸರು. ಎಂ. ಎಸ್. ಕೆ. ಮಿಲ್ ಎಂಬುದರ ಪೂರ್ಣ ಹೆಸರು ಮೆಹಬೂಬ್ ಶಾಹಿ ಕುಲ್ಬರ್ಗಾ ಮಿಲ್; ನಿಜಾಮ ಮೆಹಬೂಬ್ ಅಲಿ ಖಾನನ ಕಾಲದಲ್ಲಿ ಹುಟ್ಟಿದ ಬಟ್ಟೆಯ ಗಿರಣಿ. ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾದರೂ ಕಂಡಕ್ಟರ್ ಇನ್ನೂ ಆ ಹೆಸರನ್ನೇ ಕೂಗುತ್ತಾನೆ. ಖೂಬಾ ಪ್ಲಾಟ್ ಮುಂತಾದ ಪ್ಲಾಟುಗಳೆಲ್ಲ ಊರು ಬೆಳೆದಂತೆ ಬಂದವು. ಫಿಲ್ಟರ್ ಬೆಡ್ ಎಂಬ ಭಾಗಕ್ಕಂತೂ ನೀರು ಶುದ್ಧಮಾಡುವ ಸ್ಥಳದ ಹೆಸರು. ಅಲ್ಲಿ ನೀರಿಗೆ ಬರವಿರಲಾರದೆಂದು ಆಸೆಯಿಂದ ಹೋದೆ. ಒಬ್ಬ ಮನೆಯೊಡತಿ ನಕ್ಕು, "ಹೆಸರು ನೋಡಿ ಬಂದಿಯೇನವ್ವ? ನಳ ನಾಕ ದಿನಕ್ಕೊಮ್ಮೆ" ಎಂದಳು. ಎಲ್ಲ ಹೆಸರುಗಳೂ ಎಲ್ಲಿಂದಲೋ ಬಂದು ಇಲ್ಲಿ ಗುಡಾರ ಹಾಕಿದವರವು, ಇಲ್ಲವೆ ಅವರು ಮಾಡಿದ ಕೆಲಸದವು.

ಮೂರನೆಯ ದಿನ ಮಧ್ಯಾಹ್ನ ಕಾಲು ಸೋತು ಕೋಟೆಯೊಳಗೆ ಹೋದೆ. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ ಹಸನನಿಗೆ ಇದೇ ರಾಜಧಾನಿ. ಒಳಗಿನ ಜಾಮಿ ಮಸೀದಿ 1367ರದು. ಉಳಿದ ಮಸೀದಿಗಳಿಗೆ ನಡುವೆ ತೆರೆದ ಅಂಗಳವಿದ್ದರೆ ಇದಕ್ಕೆ ಇಲ್ಲ. ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಮುಚ್ಚಿಗೆ. ಯಾಕೆ ಹೀಗೆ ಕಟ್ಟಿದರೆಂದು ವಿದ್ವಾಂಸರು ಬಹಳ ಬರೆದಿದ್ದಾರೆ. 40 ಡಿಗ್ರಿ ಬಿಸಿಲಿನಿಂದ ಬಂದು ಆ ಕಮಾನುಗಳ ಕೆಳಗೆ ಕುಳಿತವರಿಗೆ ಆ ಪ್ರಶ್ನೆ ಏಳುವುದೇ ಇಲ್ಲ. ಕಟ್ಟಿಸಿದವನು ಕಲಬುರಗಿಯ ಮೇ ತಿಂಗಳು ಕಂಡವನೇ ಸರಿ. ಕಾವಲಿನವನು ನನ್ನನ್ನು ಏನೂ ಕೇಳಲಿಲ್ಲ. ಆ ಮೂರು ದಿನಗಳಲ್ಲಿ ಏನೂ ಕೇಳದೆ ನನ್ನನ್ನು ಒಳಗೆ ಬಿಟ್ಟ ಮೊದಲ ಬಾಗಿಲು ಅದು.

ಅಲ್ಲಿ ಕುಳಿತು ಅವ್ವ ಕಟ್ಟಿ ಕೊಟ್ಟ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒಂದು ವಿಚಾರ ಮಾಡಿದೆ. ಕಲಬುರಗಿ ಎಂದರೆ ಜನ ಎರಡು ಹೆಸರು ಹೇಳುತ್ತಾರೆ: ಬಂದೇ ನವಾಜರು, ಶರಣಬಸವೇಶ್ವರರು. ಇಬ್ಬರೂ ಕಲಬುರಗಿಯವರಲ್ಲ. ಒಬ್ಬರು ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ಬಿಟ್ಟು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಇಲ್ಲಿಗೆ ಬಂದವರು. 1422ರಲ್ಲಿ ಇಲ್ಲಿಯೇ ಮಣ್ಣಾದರು. ಮೊದಲು ಅವರು ಕೋಟೆಯ ಹತ್ತಿರವೇ ಇದ್ದರಂತೆ. ಜನರ ಗದ್ದಲ ಹೆಚ್ಚಾಯಿತೆಂದು ಸುಲ್ತಾನ ಫಿರೋಜ್ ಶಹಾ ಅವರನ್ನು ದೂರ ಹೋಗಲು ಹೇಳಿದನೆಂದು ಚರಿತ್ರೆಕಾರರು ಬರೆಯುತ್ತಾರೆ. ಅಂಥವರಿಗೂ ಮನೆ ಖಾಲಿ ಮಾಡೆಂದು ಹೇಳಿದ ಊರು ಇದು! ಇನ್ನೊಬ್ಬರು ನಮ್ಮ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಮನೆ ಹೊಲ ಬಿಟ್ಟು ಹೊರಟು ಇಲ್ಲಿ ಬಂದು ನೆಲೆನಿಂತವರು. ಬಂದವರಿಗೆಲ್ಲ ಅನ್ನ ಇಟ್ಟದ್ದಕ್ಕೆ ಅವರ ಹೆಸರು. ನಾನು ರೊಟ್ಟಿ ತಿನ್ನಲು ಕೋಟೆಯ ಹೊರಗೆ ಬಂದು ಬೇವಿನ ನೆರಳು ಹಿಡಿದೆ.

ಇನ್ನು ಹೇಳಬೇಕಾದ ಸಂಗತಿ. ಕೋಟೆಯಿಂದ ಹೊರಟು ಹಳೆಯ ಊರಿನ ಗಲ್ಲಿಗಳಲ್ಲಿ ದಾರಿ ತಪ್ಪಿದೆ. ಎರಡು ಸಲ ಅದೇ ಕಮಾನಿನ ಹತ್ತಿರ ಬಂದು ನಿಂತದ್ದನ್ನು ನೋಡಿ, ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯೊಬ್ಬಳು, "ಏನು ಹುಡುಕ್ತೀ ಬೇಟಾ?" ಎಂದಳು. ಮನೆ ಎಂದೆ. ಅಜ್ಜಿ ಕೈ ಒರೆಸಿಕೊಂಡು ಎದ್ದಳು. "ಮೊದಲು ನೀರು ಕುಡಿ. ನೀರು ಕುಡಿದು ನೋಡು, ಖಾಲಿ ಅದ ನಮ್ಮ ಹಿಂದಿನ ಖೋಲಿ."

ಎರಡು ಕೋಣೆಗಳು. ನೆಲಕ್ಕೆ ಶಹಾಬಾದಿನ ಕಲ್ಲು. ತಿಕ್ಕಿ ತಿಕ್ಕಿ ಅವು ಎಣ್ಣೆ ಸವರಿದಂತೆ ನುಣುಪಾಗಿದ್ದವು. ಗೋಡೆಯಲ್ಲಿ ಐದು ಗೂಡುಗಳು. ಅಂಗಳದಲ್ಲಿ ಬೇವಿನ ಗಿಡ, ಅದರ ಬುಡದಲ್ಲಿ ನಳ. ಒಳಗೆ ಕಾಲಿಟ್ಟೊಡನೆ ತಂಪು. ಬಾಡಿಗೆ ಮೂರು ಸಾವಿರ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಮಂದಿ ಇರ್ತೀರಿ?" ಮೂವರು ಎಂದೆ. ತಂಗಿ ಓದುತ್ತಾಳೆ ಎಂದೆ. "ಹಂಗಾದ್ರ ಈ ಗೂಡಿನ ಹತ್ರ ಕುಂದ್ರಲಿ, ಇಲ್ಲಿ ಬೆಳಕು ಭಾಳ ಹೊತ್ತಿನ ತನಕ ಇರ್ತದ" ಎಂದು ಕೈಯಿಂದ ಜಾಗ ತೋರಿಸಿದಳು.

ನಾನು ಏನು ಹೇಳಬೇಕಾಗಿತ್ತು? ಚೀಲದಲ್ಲಿ ಸಾವಿರ ರೂಪಾಯಿ ಇತ್ತು. ಅದನ್ನು ಕೊಟ್ಟು ಬರಬೇಕಾಗಿತ್ತು. ನಾನು ಹೇಳಿದ್ದು: "ಅಪ್ಪನ್ನ ಕೇಳಿ ನಾಳೆ ಬರ್ತೀನ್ರಿ."

ಅಪ್ಪನನ್ನು ಕೇಳಲಿಲ್ಲ. ಆ ಸಂಜೆ ಬಸ್ಸಿನಲ್ಲಿಯೂ ಕೇಳಲಿಲ್ಲ, ಮನೆಗೆ ಹೋಗಿಯೂ ಕೇಳಲಿಲ್ಲ. ಮುಸಲಮಾನರ ಮನೆ, ಮುಸಲಮಾನರ ಓಣಿ. ಅಪ್ಪ ಏನೆನ್ನುವನೋ, ಮಾವ ಏನೆನ್ನುವನೋ, ಇದನ್ನೇ ನೆಪಮಾಡಿ ತಂಗಿಯ ಓದು ನಿಲ್ಲಿಸಿದರೆ ಏನು ಗತಿ ಎಂದು ರಾತ್ರಿಯೆಲ್ಲ ನನಗೆ ನಾನೇ ಹೇಳಿಕೊಂಡೆ. ಅಪ್ಪನ ಬಾಯಲ್ಲಿ ಬರಬಹುದಾದ ಮಾತುಗಳನ್ನೆಲ್ಲ ನಾನೇ ಒಂದೊಂದಾಗಿ ರಚಿಸಿದೆ. ಅವನು ಪಕ್ಕದ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದ.

ನಾಲ್ಕನೆಯ ದಿನ ಆ ಕಡೆಗೆ ಹೋಗಲೇ ಇಲ್ಲ. ಸೇಡಂ ರಸ್ತೆಯ ಕಡೆ ತಿರುಗಿದೆ, ಆಳಂದ ರಸ್ತೆಯ ಕಡೆ ತಿರುಗಿದೆ. ಒಂದು ಮನೆಗೆ ಕಿಟಕಿಯೇ ಇರಲಿಲ್ಲ. ಇನ್ನೊಂದಕ್ಕೆ ಸಂಡಾಸ ಇಲ್ಲ, ಎದುರಿನವರದನ್ನು ಉಪಯೋಗಿಸಬೇಕು. ಮತ್ತೊಂದು ಚೆನ್ನಾಗಿತ್ತು, ಅಲ್ಲಿ ಬಾಗಿಲಲ್ಲಿಯೇ "ಯಾರ ಪೈಕಿ?" ಎಂಬ ಪ್ರಶ್ನೆ ಬಂತು, ನಾನು ಉತ್ತರ ಹೇಳದೆ ಹಿಂದಿರುಗಿದೆ. ಹಿಂದಿರುಗುವಾಗ ನನಗೆ ಬಂದ ಸಿಟ್ಟು ಬಹಳ. ಎಂಥ ಜನ ಇವರು, ಮನುಷ್ಯರನ್ನು ನೋಡುವುದು ಬಿಟ್ಟು ಇನ್ನೇನನ್ನೋ ನೋಡುತ್ತಾರೆ ಎಂದು ಬೈದುಕೊಳ್ಳುತ್ತ ರಸ್ತೆ ದಾಟುತ್ತಿದ್ದೆ. ನಡುರಸ್ತೆಯಲ್ಲಿ ಹುಣಸೆಹಣ್ಣು ಬಿಡಿಸುವ ಆ ಕೈ ಕಣ್ಣ ಮುಂದೆ ಬಂತು. ಆಟೋದವನು ಹಾರ್ನ್ ಹೊಡೆದು ಬೈದ. ಅವನು ಬೈದದ್ದು ಬೇರೆ ಕಾರಣಕ್ಕೆ. ನನಗೆ ಮಾತ್ರ ಸರಿಯಾಗಿಯೇ ಬೈದಂತೆ ಕೇಳಿಸಿತು.

ಐದನೆಯ ದಿನ ಬಸ್ಸಿಳಿದವಳೇ ನೇರವಾಗಿ ಆ ಗಲ್ಲಿಗೆ ಹೋದೆ. ಈ ಸಲ ದಾರಿ ತಪ್ಪಲಿಲ್ಲ. ಅಂಗಳದಲ್ಲಿ ಹೊಸ ಬಕೀಟುಗಳಿದ್ದವು, ಹಗ್ಗದ ಮೇಲೆ ಬಿಳಿಯ ಸಮವಸ್ತ್ರಗಳು ಒಣಗುತ್ತಿದ್ದವು. ಬೀದರ್ ಕಡೆಯ ಇಬ್ಬರು ನರ್ಸಿಂಗ್ ಹುಡುಗಿಯರು ಹಿಂದಿನ ರಾತ್ರಿಯೇ ಬಂದಿದ್ದರು.

"ನಾಳೆ ಬರ್ತೀನಿ ಅಂದಿದ್ದಿ" ಎಂದಳು ಅಜ್ಜಿ. "ನಿನ್ನೆ ಇಡೀ ದಿನ ಹಿಡದಿದ್ದೆ. ಮುಂಜಾನಿ ಒಬ್ಬ ಬಂದ, ಇಲ್ಲ ಅಂದೆ. ಮಧ್ಯಾಹ್ನ ಮತ್ತೊಬ್ಬ ಬಂದ, ಅವನಿಗೂ ಇಲ್ಲ ಅಂದೆ. ರಾತ್ರಿ ಈ ಹುಡುಗೀರು ಬ್ಯಾಗ್ ಹಿಡಕೊಂಡು ಬಾಗಿಲಾಗ ನಿಂತರು. ಹ್ಯಾಂಗ ಕಳಸಲಿ?"

ಬಸ್ ಸಿಗಲಿಲ್ಲವೆಂದು ಸುಳ್ಳು ಹೇಳಿದೆ. ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳ ವಯಸ್ಸಿಗೆ ಇಂಥ ಮುಖಗಳು ಎಷ್ಟು ಬಂದುಹೋಗಿದ್ದವೋ. ಏನನ್ನೂ ಕೇಳಲಿಲ್ಲ. ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು, ಕೋಲು ಹಿಡಿದು, "ನಡಿ" ಎಂದಳು.

ಹಿಂದಿನ ಗಲ್ಲಿಯಲ್ಲಿ ಗೌಂಡಿ ಕೆಲಸ ಬಿಟ್ಟು ಮನೆಯಲ್ಲಿರುವ ಮುದುಕನದೊಂದು ಮನೆ. ಅವನು ಬಾಡಿಗೆಗೆ ಕೊಡಬೇಕೆಂದು ಇನ್ನೂ ನಿಶ್ಚಯ ಮಾಡಿರಲಿಲ್ಲ. ಮಗ ಪುಣೆಯಿಂದ ಬಂದರೆ ಎಂಬ ಆಸೆ ಅವನದು. ಅಜ್ಜಿ ಕಟ್ಟೆಯ ಮೇಲೆ ಕುಳಿತು ಅವನೊಡನೆ ಉರ್ದುವಿನಲ್ಲಿ ಅರ್ಧ ತಾಸು ಜಗಳವಾಡಿದಳು. ನನಗೆ ತಿಳಿದದ್ದು ಇಷ್ಟು: ಮಗ ಮೂರು ವರ್ಷದಿಂದ ಬಂದಿಲ್ಲ, ಖಾಲಿ ಮನೆಗೆ ಗೆದ್ದಲು ಹತ್ತುತ್ತದೆ, ಈ ಹುಡುಗಿಯ ತಂಗಿ ಸೈನ್ಸ್ ಓದುತ್ತಾಳೆ. ಕಡೆಗೆ ಬಾಡಿಗೆ ಮೂರು ಸಾವಿರದ ಇನ್ನೂರು, ಮುಂಗಡ ಹತ್ತು ಸಾವಿರ ಎಂದಿದ್ದು ಆರಕ್ಕೆ ಇಳಿಯಿತು. ಇದು ಅಜ್ಜಿಯ ಮನೆಯಷ್ಟು ತಂಪಾಗಿರಲಿಲ್ಲ, ಗೂಡುಗಳು ಎರಡೇ. ಆದರೆ ಗೌಂಡಿ ತನಗಾಗಿ ಕಟ್ಟಿಕೊಂಡ ಮನೆ. ಒಂದು ಕಲ್ಲೂ ಸಡಿಲವಿರಲಿಲ್ಲ.

ಅಲ್ಲಿಯೇ ನಿಂತು ಅಪ್ಪನಿಗೆ ಫೋನು ಮಾಡಿದೆ. "ಅಪ್ಪಾ, ಮನಿ ಸಿಕ್ಕದ. ಹಳೇ ಊರಾಗ. ಮನಿಯವರು ಮುಸಲಮಾನರು, ಓಣಿ ತುಂಬ ಅವರೇ ಇದ್ದಾರ." ಕೊನೆಯ ಮಾತು ಹೇಳುವಾಗ ಗಂಟಲು ಒಣಗಿತು. ಆ ಕಡೆಯಿಂದ ಎತ್ತಿನ ಕೊರಳ ಗಂಟೆ ಕೇಳಿಸಿತು, ಅಪ್ಪ ಹೊಲದಲ್ಲಿದ್ದ.

"ನೀರು ಹ್ಯಾಂಗ?"

"ನಳ ಅದ. ಬೋರೂ ಅದ."

"ಬಾಗಿಲಾ ಗಟ್ಟಿ ಅವೇನು?"

"ಸಾಗವಾನಿ ಅವ."

"ಹಂಗಾದ್ರ ರೊಕ್ಕ ಕೊಟ್ಟು ಬಾ. ಮತ್ಯಾಕ ತಡಾ ಮಾಡ್ತೀ?"

ಪ್ರತಿ ವರ್ಷ ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಮನುಷ್ಯ ಅವನು. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕುಳಿತು ನಾನೂ ಅದನ್ನು ನೋಡಿದ್ದೆ. ಆ ರಾತ್ರಿ ಅವನ ಪರವಾಗಿ ಅಷ್ಟೆಲ್ಲ ಮಾತು ರಚಿಸುವಾಗ ಇದು ನನಗೆ ನೆನಪಾಗಿರಲಿಲ್ಲ.

ಜೂನ್ ಮೊದಲನೆಯ ವಾರದಲ್ಲಿ ಒಂದು ಟಂಟಂ ಮಾಡಿಕೊಂಡು ಸಾಮಾನು ತಂದೆವು: ಎರಡು ಚೀಲ ಜೋಳ, ಹೊಲಿಗೆ ಮಶೀನು, ರೊಟ್ಟಿಯ ಹಂಚು, ಹಾಸಿಗೆ, ತಂಗಿಯ ಪುಸ್ತಕದ ಪೆಟ್ಟಿಗೆ. ಅಪ್ಪ ಮನೆಯೊಳಗೆಲ್ಲ ತಿರುಗಿ, ಬಾಗಿಲನ್ನು ಎರಡು ಸಲ ಹಾಕಿ ತೆಗೆದು ನೋಡಿ, ಗೌಂಡಿ ಮುದುಕನ ಹತ್ತಿರ ಕುಳಿತು ಕುಸಿದ ಮಾಳಿಗೆಯನ್ನು ಹೇಗೆ ಎತ್ತಬೇಕೆಂದು ಕೇಳತೊಡಗಿದ. ಇಬ್ಬರೂ ನೆಲದ ಮೇಲೆ ಕಡ್ಡಿಯಿಂದ ಗೆರೆ ಹೊಡೆದು ಸಂಜೆ ಬಸ್ಸಿನ ಹೊತ್ತಿನವರೆಗೂ ಮಾತಾಡಿದರು.

ಅವ್ವ ಹೊಸ ಮನೆಯಲ್ಲಿ ಮೊದಲ ರೊಟ್ಟಿ ತಟ್ಟುತ್ತಿದ್ದಾಗ ಅಜ್ಜಿ ಕೋಲೂರಿಕೊಂಡು ಬಂದಳು. ಅವ್ವ ಚಾಪೆ ಹಾಸಿದಳು. ಇಬ್ಬರೂ ಮಳೆ, ಮೊಣಕಾಲು ನೋವು, ಬೇಳೆಯ ರೇಟು ಎಂದು ಮಾತಾಡಿದರು. ತಂಗಿ ಎರಡು ಗೂಡುಗಳಲ್ಲಿ ಪುಸ್ತಕ ತುರುಕುತ್ತಿದ್ದಳು. ಜಾಗ ಸಾಲದೆ ಉಳಿದವುಗಳನ್ನು ಜೋಳದ ಚೀಲದ ಮೇಲೆ ಇಟ್ಟಳು. ಅಜ್ಜಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ತನ್ನ ಮನೆಯ ಐದು ಗೂಡುಗಳ ಮಾತನ್ನಾಗಲಿ, ಒಂದು ದಿನ ಹಿಡಿದು ಕಾಯ್ದ ಮಾತನ್ನಾಗಲಿ ಅವ್ವನ ಮುಂದೆ ಎತ್ತಲಿಲ್ಲ. ಬಿಸಿ ರೊಟ್ಟಿ ಎರಡನ್ನು ಸೆರಗಿನಲ್ಲಿ ಸುತ್ತಿಕೊಂಡು, "ಶೇಂಗಾ ಹಿಂಡಿ ಇದ್ರ ಒಂಚೂರು ಹಾಕು" ಎಂದು ನನ್ನ ಕಡೆ ಕೈ ಚಾಚಿದಳು.